ಆ ಎತ್ತರದಲ್ಲಿ ಯಾರೂ ತೇಲುವುದಿಲ್ಲ

ಪ್ರೀತಿಯ ಸರೋಜತ್ತೆ,

ನಮ್ಮ ಆಟ ಬಿಡುಗಡೆಯಾಯಿತು. ಇಂಥ ಸುದ್ದಿಯಿದ್ದರೆ ಬಸವೇಶ್ವರನಗರದ ನಿಮ್ಮ ಮನೆಗೆ ಓಡಿಬರುತ್ತಿದ್ದೆ. ಈಗ ಬಂದರೂ ನೀವು...

ಆ ವಿಡಿಯೋ ಗೇಮನ್ನು ನಿಮಗೆ ಮೊದಲು ತೋರಿಸಿದ ಸಂಜೆ ನೆನಪಿದೆಯೇ? ಭೂಮಿಯಿಂದ ಬಾಹ್ಯಾಕಾಶದವರೆಗೆ ಬಿಗಿದ ಹಗ್ಗ, ಅದನ್ನು ಹಿಡಿದು ಮೇಲೇರುವ ಲಿಫ್ಟ್. ವಿಜಯನಗರದ ಕಾಲೇಜಿನಲ್ಲಿ ನಿವೃತ್ತಿಯವರೆಗೂ ಭೌತಶಾಸ್ತ್ರ ಕಲಿಸಿದ ನೀವು ನಕ್ಕುಬಿಡುತ್ತೀರಿ ಎಂದುಕೊಂಡಿದ್ದೆ. "ಇಂಥ ಹಗ್ಗ ಇನ್ನೂ ಯಾರೂ ಮಾಡಿಲ್ಲ. ಆದ್ರೆ ಲೆಕ್ಕದಲ್ಲಿ ನಿಲ್ಲತ್ತೆ ಕಣೇ," ಎಂದಿರಿ. ಅಂದಿನಿಂದ ನಮ್ಮ ವಿಜ್ಞಾನ ಸಲಹೆಗಾರರು ನೀವೇ.

ಬಾಹ್ಯಾಕಾಶ ನಿಲ್ದಾಣ ಸುತ್ತುವಷ್ಟು ಎತ್ತರದಲ್ಲಿ ಲಿಫ್ಟ್ ಕೆಟ್ಟು ನಿಂತು, ನಾಯಕಿ ತೇಲುತ್ತಾ ಹೊರಗೆ ಬರುವ ದೃಶ್ಯಕ್ಕೆ ನೀವು ಆಟ ನಿಲ್ಲಿಸಿದಿರಿ.

"ಇವಳ್ಯಾಕೆ ತೇಲ್ತಿದಾಳೆ?"

"ಸ್ಪೇಸ್ ಅಲ್ವಾ ಅತ್ತೆ?"

"ಆದ್ರೇನು? ನಿಲ್ದಾಣದೋರು ತೇಲೋದು, ಅದು ಅಷ್ಟು ಜೋರಾಗಿ ಭೂಮಿ ಸುತ್ತ ಓಡ್ತಿರೋದಕ್ಕೆ. ನಿನ್ನ ಲಿಫ್ಟು ನಿಂತಿದೆ. ಕೈಬಿಟ್ರೆ ಇವಳು ಕೆಳಗೆ ಬೀಳ್ತಾಳೆ."

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟಿದ್ದಾಗಲೂ ನಿಮಗೆ ಅದೇ ಯೋಚನೆ. "ಸೀನ್ ಸರಿ ಮಾಡಿದ್ರಾ?" ಎಂದು ಕೇಳಿ, ನಾನು ಉತ್ತರಿಸುವ ಮೊದಲೇ, ಸ್ವಲ್ಪ ನಾಚಿಕೊಂಡು, "ಆಟದ ಕೊನೇಲಿ ಬರೋ ಪಟ್ಟೀಲಿ ನನ್ನ ಹೆಸರೂ ಬರತ್ತೇನೇ?" ಎಂದಿರಿ. ಅಷ್ಟು ವರ್ಷ ಪಾಠ ಮಾಡಿದ ನಿಮ್ಮ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ, ಅಲ್ಲವೇ? ಬರುತ್ತದೆ ಎಂದೆ. ದೃಶ್ಯದ ಬಗ್ಗೆ ಸ್ಟುಡಿಯೋದಲ್ಲಿ ಮಾತಾಡುತ್ತಿದ್ದೇನೆ ಎಂದೆ. ಆ ವಾರವೇ ನೀವು ಹೋದಿರಿ.

ನಿಮ್ಮ ವೈಕುಂಠ ಸಮಾರಾಧನೆ ಮುಗಿಸಿ ರಾಜಾಜಿನಗರದ ಸ್ಟುಡಿಯೋಗೆ ಹೋದವಳು ಆ ದೃಶ್ಯವನ್ನು ಹೊಸದಾಗಿ ಮಾಡಿದೆ. ನಾಯಕಿ ಹಗ್ಗಕ್ಕೆ ಜೋತುಬಿದ್ದು ಒಂದೊಂದೇ ಹಿಡಿ ಸರಿಯಬೇಕು, ಜಾರಿದರೆ ಮುಗಿಯಿತು. ಸ್ಟುಡಿಯೋ ಮಾಲೀಕ ಪ್ರಶಾಂತ್ ಆಡಿ ನೋಡಿದ.

"ಚೆನ್ನಾಗಿದೆ ಗೀತಾ. ಆದ್ರೆ ಟ್ರೈಲರ್‌ನಲ್ಲಿ ತೇಲಿಸಿಬಿಟ್ಟಿದೀವಲ್ಲ. ಎಲ್ರೂ ಆ ಸೀನ್‌ನೇ ಕೇಳ್ತಿದಾರೆ."

"ಅದು ತಪ್ಪು ಪ್ರಶಾಂತ್."

"ಆಡೋರಿಗೆ ಗೊತ್ತಾಗಲ್ಲ ಬಿಡು."

ಎಷ್ಟು ವಾದಿಸಿದರೂ ಅವನು ಬಗ್ಗಲಿಲ್ಲ. ಹಾಗಾದರೆ ಅತ್ತೆಯ ಹೆಸರು ತೆಗೆ ಎಂದೆ. ಅವನಿಗೆ ನಿಜಕ್ಕೂ ಬೇಸರವಾಯಿತು. "ಮೇಡಂಗೆ ಗೌರವ ಅಂತ ಇರ್ಲಿ ಕಣೇ. ಪಾಪ, ಆಸೆಪಟ್ಟಿದ್ರು ಅಂತ ನೀನೇ ಹೇಳಿದ್ಯಲ್ಲ."

ಹೌದು, ಆಸೆಪಟ್ಟಿದ್ದಿರಿ. ಆದರೆ ನಿಮ್ಮ ಹಳೆಯ ವಿದ್ಯಾರ್ಥಿನಿ ಯಾರಾದರೂ ಆಟ ಆಡಿ, ಕೊನೆಗೆ ನಿಮ್ಮ ಹೆಸರು ಓದಿ, ಮೇಡಂ ಇದನ್ನು ಹೇಗೆ ಒಪ್ಪಿದರು ಅಂದುಕೊಂಡರೆ? ನಾನೇ ಕೂತು ಹೆಸರು ಅಳಿಸಿದೆ. ಈಗ ಆಡಿದವರೆಲ್ಲ ಆ ತೇಲುವ ದೃಶ್ಯ ಎಷ್ಟು ನೈಜವಾಗಿದೆ ಎಂದು ಹೊಗಳುತ್ತಿದ್ದಾರೆ, ಅತ್ತೆ.

ನಿನ್ನೆ ಮಾವನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೇನೋ ಎಂದು ಕಾದೆ.

"ಸರಿ ಮಾಡ್ದೆ ಬಿಡು," ಎಂದರು. "ತಪ್ಪಿಗೆ ಹೆಸರು ಕೊಡೋಳಲ್ಲ ಅವಳು." ಏಳಲು ಹೋದವರು ಮತ್ತೆ ಕೂತರು.

"ಆದ್ರೂ ಒಂದ್ಸಲ ನೋಡ್ಬೇಕಿತ್ತಮ್ಮ, ಅವಳ ಹೆಸರು."

ನಿಮ್ಮ
ಗೀತಾ