ಹದಿನೇಳನೆಯ ಬೋಲ್ಟು

ಅಪ್ಪನಿಗೆ,

ಪ್ರತಿ ಬುಧವಾರ ಸಂಜೆ ನೀನು ಸುತ್ತಿಗೆಯ ಚೀಲ ಬಿಚ್ಚುತ್ತೀಯ, ಹಿಡಿಗೆ ಎಣ್ಣೆ ಹಚ್ಚಿ ಹಳೆಯ ಬನಿಯನ್ ಚೂರಿನಿಂದ ಒರೆಸುತ್ತೀಯ. ನನಗೆ ಬುದ್ಧಿ ಬಂದಾಗಿನಿಂದ ಇದು ತಪ್ಪಿದ್ದು ಕಂಡಿಲ್ಲ. ಅದಕ್ಕೇ ಈ ಕಾಗದವನ್ನು ಆ ಚೀಲದಲ್ಲೇ ಇಡುತ್ತಿದ್ದೇನೆ. ಬಾಯಲ್ಲೇ ಹೇಳೋಣವೆಂದು ಎರಡು ಸಲ ನಿನ್ನೆದುರು ಬಂದು ಕೂತೆ. ಎರಡು ಸಲವೂ ಅಮ್ಮ ಪಕ್ಕದಲ್ಲಿದ್ದಳು, ಜಿಗಣೆ ಹತ್ತದಿರಲಿ ಎಂದು ಭಾವ ತಂದ ಉದ್ದ ಕಾಲುಚೀಲಗಳನ್ನು ಮಡಚುತ್ತ. ಅವಳ ಮುಂದೆ ಹೇಳುವ ಮಾತಲ್ಲ ಇದು.

ಈ ಪ್ರವಾಸ ಶುರುವಾಗಿದ್ದೇ ಅವಳಿಗಾಗಿ. ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು, ಇನ್ನು ಸ್ವಲ್ಪ ಒಳ್ಳೆಯ ಗಾಳಿ ಕುಡಿಯಲಿ ಎಂದು ಡಾಕ್ಟರು ಅಂದಿದ್ದೇ ತಡ, ಭಾವ ಮಳೆಕಾಡನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ಫ್ರಿಜ್ಜಿನ ಬಾಗಿಲಿಗೆ ಮೂರು ದಿನದ ಪಟ್ಟಿ ಅಂಟಿತು. ದುರ್ಬೀನು ಬಂತು. ಅಕ್ಕನ ಮಕ್ಕಳಿಬ್ಬರೂ ಕಿತ್ತಳೆ ಬಣ್ಣದ ರೇನ್‌ಕೋಟು ತೊಟ್ಟು ಹಾಲ್‌ನಲ್ಲಿ ಓಡಾಡತೊಡಗಿದರು. "ಇವರು ಕಾಡಿಗೆ ಹೋಗೋ ಹಾಗೆ ಕಾಣ್ತಿಲ್ಲ, ಕಾಡನ್ನೇ ಮನೆಗೆ ತರ್ತಾರೆ" ಅಂತ ಅಕ್ಕ ಗೊಣಗಿದಳು. ನಾನು ನನ್ನ ರಾಗ ಎತ್ತಿದೆ: ಕಾಡು ನಮ್ಮನ್ನು ಕರೆದಿಲ್ಲ, ನಾವು ಹೋದಷ್ಟೂ ಅದು ಸವೆಯುತ್ತೆ. "ಶುರುವಾಯ್ತಪ್ಪ ನಮ್ಮ ಕರಪತ್ರ. ನೀನು ಓದಿ ಮುಗಿಸು ತಾಯಿ, ಅಷ್ಟರಲ್ಲಿ ನಾನೊಂದು ನಿದ್ದೆ ತೆಗೀತೀನಿ" ಅಂದ ಭಾವ. ನೀನೂ ನಕ್ಕೆ. ಈ ಮನೆಯಲ್ಲಿ ನೀನು ನಕ್ಕಿದ್ದು ನಾನು ನೋಡಿದ್ದು ಅವತ್ತೇ ಕೊನೆ.

ಭಾನುವಾರ ಬೆಳಿಗ್ಗೆ ಆ ಪಟ್ಟಿಯ ಮೇಲೆ ನಿನ್ನ ಕೆಂಪು ಪೆನ್ಸಿಲಿನ ಗೆರೆ ಇತ್ತು. 'ಶುಕ್ರವಾರ, ಬೆಳಿಗ್ಗೆ ಒಂಬತ್ತು, ಮರದ ತುದಿಯ ತೂಗುಸೇತುವೆ' ಎಂಬ ಒಂದೇ ಸಾಲಿನ ಮೇಲೆ. ಪಕ್ಕದಲ್ಲಿ 'ಬೇಡ' ಎಂದಷ್ಟೇ. ಕಾರಣ ಕೇಳಿದ ಭಾವನಿಗೆ ನೀನು "ನಿಮ್ಮತ್ತೆಗೆ ಆಗಲ್ಲ" ಅಂದೆ. ಅಮ್ಮ ಕೆಳಗೇ ಕೂತಿರುತ್ತಾಳೆ, ನಾವು ಹೋಗೋಣ ಎಂದರೆ, "ಯಾರೂ ಬೇಡ" ಎಂದು ಎದ್ದುಹೋದೆ. ನಾನೆಂಥ ಮೂರ್ಖಳು ನೋಡು ಅಪ್ಪ. ಕಾಡಿನ ನೆತ್ತಿಯ ಮೇಲೆ ಮನುಷ್ಯರು ಓಡಾಡುವುದು ತಪ್ಪು ಎಂಬ ನನ್ನ ಮಾತು ನಿನಗೆ ನಾಟಿತು ಎಂದುಕೊಂಡೆ. ಒಂದೂವರೆ ದಿನ ಗೆದ್ದವಳ ಹಾಗೆ ಎದೆಯುಬ್ಬಿಸಿ ತಿರುಗಿದೆ.

ಸೋಮವಾರ ಸಂಜೆ ಟೀ ಕುಡಿಯುವಾಗ ಭಾವ ಹೇಳಿದ್ದು ನಿನಗೂ ನೆನಪಿದೆ. ಸೇತುವೆಯ ಆಫೀಸಿಗೆ ಫೋನ್ ಮಾಡಿ ನಮ್ಮ ಹೊತ್ತನ್ನು ಬಿಟ್ಟುಕೊಟ್ಟಿದ್ದನಂತೆ. "ಅವರಿಗಂತೂ ಖುಷಿಯೋ ಖುಷಿ. ಯಾವುದೋ ಸ್ಕೂಲಿನವರು ಕಾಯ್ತಾ ಇದ್ದರಂತೆ. ನಾಲ್ಕನೇ ಕ್ಲಾಸು, ಇಪ್ಪತ್ತೆಂಟು ಮಕ್ಕಳು. ಒಂಬತ್ತು ಗಂಟೆ ಅವರಿಗೆ ಕೊಟ್ಟರು." ಒಳ್ಳೆಯ ಕೆಲಸವಾಯಿತು ಅಂದಳು ಅಮ್ಮ. ನೀನು ಲೋಟ ಕೆಳಗಿಟ್ಟೆ. ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟಿದೆ, ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ. ಆಮೇಲೆ ಫೋನಿನ ಹತ್ತಿರ ಹೋದೆ, ಎತ್ತಿದೆ, ಇಟ್ಟೆ. ನಿನ್ನೆಯೂ ಹಾಗೇ ಮಾಡಿದೆ.

ನಿನ್ನೆ ಮಧ್ಯಾಹ್ನ ಅಕ್ಕನ ಮಗಳು ಅಚ್ಚು ತೆಗೆಯುತ್ತಿದ್ದಳು. ಕಾಡಿನಲ್ಲಿ ಎಲೆಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಬೇಕು, ನರಗಳೆಲ್ಲ ಮೂಡುತ್ತವೆ ಎಂದು ಭಾವ ಕಲಿಸಿಕೊಟ್ಟಿದ್ದ. ಅವಳಿಗೋ ತಡೆಯುವುದಿಲ್ಲ. ಬಾಚಣಿಗೆ, ಬೀಗದಕೈ, ನಿನ್ನ ಚಪ್ಪಲಿಯ ಅಡಿ, ಎಲ್ಲದರ ಅಚ್ಚೂ ಆಯಿತು. ಕೊನೆಗೆ ನನ್ನ ಪುಸ್ತಕದ ರಾಶಿಗೆ ಕೈಹಾಕಿ, ಸಿಕ್ಕಿದ ಹೊದಿಕೆಗಳ ಮೇಲೆಲ್ಲ ಪೆನ್ಸಿಲ್ ಆಡಿಸಿದಳು. "ಚಿಕ್ಕಮ್ಮಾ, ಇಲ್ಲಿ ಯಾರೋ ತುಂಬಾ ರೈಟು ಹಾಕಿದಾರೆ. ಎಲ್ಲಾ ಸರಿ ಬರೆದಿದಾರೆ" ಅಂದಳು.

'ಕಾಡು ಯಾರದು?' ಎಂಬ ಕಿರುಹೊತ್ತಿಗೆ ಅದು. ಬೂದುಬಣ್ಣದ ಉಜ್ಜಿನ ನಡುವೆ ಒಂದರ ಕೆಳಗೊಂದು ಬಿಳಿಯ ಗುರುತುಗಳು. ಎಣಿಸಿದೆ. ನಲವತ್ತೆರಡು. ಎಲ್ಲಕ್ಕಿಂತ ಕೆಳಗೆ, ಬಾಲ ಮೇಲಕ್ಕೆ ತಿರುವಿದ ನಿನ್ನ ಸಹಿ.

ಆಗ ಆಸ್ಪತ್ರೆಯ ಆ ಓಣಿ ಕಣ್ಣಮುಂದೆ ಬಂತು. ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆಯಾಗಿತ್ತು. ನಾನು ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತ ಕೂತಿದ್ದೆ. ನಿನ್ನ ಆಫೀಸಿನ ಗುಮಾಸ್ತ ತೂಗುಸೇತುವೆಯ ತಪಾಸಣೆಯ ಹಾಳೆ ಹಿಡಿದು ಬಂದ. "ಸಾರ್, ಇಂಥ ಹೊತ್ತಲ್ಲಿ ಕೇಳಬಾರದು. ಸೇತುವೆ ತೆರೀಬೇಕಂತೆ, ಮೇಲಿಂದ ಒಂದೇ ಸಮ ಫೋನು. ಹೋದ ವರ್ಷ ನೀವೇ ನೋಡಿದೀರಲ್ಲ. ಒಂದು ವರ್ಷದಲ್ಲಿ ಏನಾಗಿರುತ್ತೆ ಸಾರ್." ನೀನು ಆ ಬಾಗಿಲನ್ನು ನೋಡಿದೆ, ಹಾಳೆಯನ್ನು ನೋಡಿದೆ. "ಹಾಳೆ ಕೆಳಗೆ ಇಟ್ಟುಕೊಳ್ಳೋಕೆ ಏನಾದರೂ ಕೊಡಮ್ಮ" ಅಂದೆ. ನನ್ನ ತೊಡೆಯ ಮೇಲಿದ್ದ ಈ ಕಿರುಹೊತ್ತಿಗೆ ಕೊಟ್ಟೆ. ನಲವತ್ತೆರಡು ಬೋಲ್ಟಿಗೂ ನೀನು ಅಲ್ಲೇ ಕೂತು ರೈಟು ಹಾಕಿದೆ. ಪೆನ್ನೂ ನನ್ನದೇ.

ಹಾಗಾಗಿ ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ನಾನು ಹೊರಗೆ ನಿಂತು ಮಾತಾಡುತ್ತಿಲ್ಲ. ನಾನೂ ಒಳಗೇ ಇದ್ದೇನೆ. ಅವತ್ತು ನೀನು ಅಮ್ಮನನ್ನು ಬಿಟ್ಟು ಸೇತುವೆಯ ಬೋಲ್ಟು ತಟ್ಟಿ ನೋಡಲು ಹೋಗಿದ್ದರೆ ನಿನ್ನನ್ನು ಕ್ಷಮಿಸುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಅನ್ಯಾಯ ಎಂದರೆ ದೊಡ್ಡ ಮೇಜಿನ ಹಿಂದೆ ಕೂತವರು ಮಾಡುವುದು ಎಂದು ನಾನು ಓದಿದ ಹೊತ್ತಿಗೆಗಳು ಹೇಳುತ್ತವೆ. ಹೆಂಡತಿಗಾಗಿ ಕಣ್ಣು ತುಂಬಿಕೊಂಡು, ಮಗಳ ಪೆನ್ನು ಇಸಿದುಕೊಂಡು ಮಾಡುವುದು ಅಂತ ಯಾವುದರಲ್ಲೂ ಇರಲಿಲ್ಲ.

ಆದರೆ ಅಪ್ಪ, ಹದಿನೇಳನೆಯದು. ಹೋದ ವರ್ಷ ಆ ಸೇತುವೆ ನೋಡಿ ಬಂದ ದಿನ ಊಟಕ್ಕೆ ಕೂತಾಗ ನೀನೇ ಹೇಳಿದೆ. "ಎಲ್ಲಾ ಬೋಲ್ಟೂ ಗಂಟೆ ಹಾಗೆ ಮಾತಾಡ್ತವೆ. ಆಚೆ ದಡದ ಹದಿನೇಳನೆಯದು ಮಾತ್ರ ಸ್ವಲ್ಪ ಕೆಮ್ಮುತ್ತೆ. ಈ ವರ್ಷಕ್ಕೆ ತೊಂದರೆ ಇಲ್ಲ, ಮುಂದಿನ ವರ್ಷ ಮೊದಲು ಅದನ್ನೇ ತಟ್ಟಬೇಕು." ಮಳೆಕಾಡಿನಲ್ಲಿ ಕಬ್ಬಿಣಕ್ಕೆ ಒಳಗಿನಿಂದ ರೋಗ ಬರುತ್ತದೆ, ಹೊರಗೆ ಬಣ್ಣ ಹೊಸದಾಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳಿಸುತ್ತದೆ ಎಂದೂ ಅಂದಿದ್ದೆ. ಆ ಹೊದಿಕೆಯ ಮೇಲೆ ಹದಿನೇಳನೆಯ ಗುರುತನ್ನು ಹುಡುಕಿದೆ. ಉಳಿದವುಗಳ ಹಾಗೇ ಇದೆ. ಸ್ವಲ್ಪ ಹೆಚ್ಚು ಒತ್ತಿದ್ದೀಯ ಅಷ್ಟೇ.

ಇವತ್ತು ಬೆಳಿಗ್ಗೆ ಆ ಸೇತುವೆಯ ಆಫೀಸಿಗೆ ನಾನೇ ಫೋನ್ ಮಾಡಿದೆ. ಶುಕ್ರವಾರ ಮಕ್ಕಳನ್ನು ಹತ್ತಿಸಬೇಡಿ ಎಂದೆ. ಯಾಕೆ ಎಂದರು. ಸೇತುವೆಯನ್ನು ಈ ವರ್ಷ ಯಾರೂ ತಟ್ಟಿ ನೋಡಿಲ್ಲ ಎಂದೆ. ಆ ಕಡೆಯವನು ನಕ್ಕ. ನಿನ್ನ ಸಹಿ ಇದ್ದ ಹಾಳೆಯನ್ನು ತರಿಸಿ, ನಿನ್ನ ಹೆಸರನ್ನು ಗೌರವದಿಂದ ಓದಿ ಹೇಳಿದ. "ಇವರು ತಟ್ಟದೆ ಬರೆಯೋರಲ್ಲ ಮೇಡಂ. ಇವರ ಸಹಿ ಇದೆ ಅಂದಮೇಲೆ ನಾವು ಮತ್ತೆ ನೋಡೋದೇ ಇಲ್ಲ." ಅಲ್ಲಿ ಹನ್ನೊಂದು ದಿನದಿಂದ ಬಿಡದೆ ಮಳೆಯಂತೆ. ಆದರೂ ಮಕ್ಕಳಿಗೆ ಮಂಜು ನೋಡಲು ಚೆನ್ನಾಗಿರುತ್ತೆ ಎಂದು ಫೋನಿಟ್ಟ.

ನಿನ್ನ ಜೀವಮಾನದ ಒಳ್ಳೆಯ ಹೆಸರೇ ಈಗ ಆ ಸೇತುವೆಯನ್ನು ತೆರೆದಿಟ್ಟಿದೆ. ಅದನ್ನು ಮುಚ್ಚಲು ನಿನ್ನ ಬಾಯಿಗೆ ಮಾತ್ರ ಸಾಧ್ಯ. ಕೆಂಪು ಗೆರೆ ಎಳೆದು ನಮ್ಮ ಏಳು ಜನರನ್ನು ಉಳಿಸಿಕೊಂಡೆ. ನಮ್ಮ ಜಾಗಕ್ಕೆ ಬಂದ ಇಪ್ಪತ್ತೆಂಟು ಮಕ್ಕಳ ಮನೆಗಳಲ್ಲಿ ಕೆಂಪು ಪೆನ್ಸಿಲ್ ಇಲ್ಲ. ಅವರೂ ಈಗ ರೇನ್‌ಕೋಟು ತೊಟ್ಟು ಹಾಲ್‌ನಲ್ಲಿ ಓಡಾಡುತ್ತಿರಬಹುದು.

ಕೆಲಸ ಹೋಗಬಹುದು. ವಿಚಾರಣೆಯಾಗಬಹುದು. ಅಮ್ಮ ತನ್ನಿಂದಲೇ ಹೀಗಾಯಿತು ಎಂದು ಕೊರಗಬಹುದು. ಏನೂ ಆಗುವುದಿಲ್ಲ ಎಂದು ನಿನಗೆ ಸುಳ್ಳು ಹೇಳಲಾರೆ. ಕೇಳಿದವರಿಗೆಲ್ಲ ಪೆನ್ನು ಕೊಟ್ಟವಳು ನಾನು ಎಂದು ಹೇಳುತ್ತೇನೆ. ಗುರುತು ಬಿದ್ದ ಆ ಕಿರುಹೊತ್ತಿಗೆ ನನ್ನ ಚೀಲದಲ್ಲಿದೆ.

ನಾಳೆ ಬೆಳಿಗ್ಗೆ ಆರೂವರೆಗೆ ಬಸ್ಸು. ಎರಡು ಸೀಟು ಹಿಡಿದಿದ್ದೇನೆ. ನೀನು ಬಂದರೆ ಸಂಜೆಯೊಳಗೆ ಆಚೆ ದಡದಲ್ಲಿರುತ್ತೇವೆ. ಬರದಿದ್ದರೂ ನಾನು ಹೋಗುತ್ತೇನೆ, ಶುಕ್ರವಾರ ಬೆಳಿಗ್ಗೆ ಸೇತುವೆಯ ಬಾಯಲ್ಲಿ ಕೂರುತ್ತೇನೆ. ಹುಚ್ಚಿ ಎಂದು ಎಳೆದು ಪಕ್ಕಕ್ಕೆ ಕೂರಿಸಲು ಅವರಿಗೆ ಎಷ್ಟು ಹೊತ್ತು ಹಿಡಿದೀತು, ನೀನೇ ಹೇಳು. ಸುತ್ತಿಗೆಯನ್ನು ನಾನೇ ಒಯ್ಯಬಹುದಿತ್ತು. ಒಯ್ಯಲಿಲ್ಲ. ಬೋಲ್ಟನ್ನು ನಾನೂ ತಟ್ಟಬಲ್ಲೆ ಅಪ್ಪ, ಅದು ಏನು ಹೇಳುತ್ತಿದೆ ಎಂದು ನನಗೆ ಕೇಳಿಸುವುದಿಲ್ಲ.

ಚಿಕ್ಕವಳಾದ ನಾನು ನಿನ್ನನ್ನು ಹರಸಬಾರದು, ಆದರೂ ಹರಸುತ್ತಿದ್ದೇನೆ. ನಾಳೆ ಒಂದು ದಿನ ನಿನ್ನ ಕೈ ನಡುಗದಿರಲಿ, ಕಿವಿ ಮೋಸ ಮಾಡದಿರಲಿ. ಹದಿನೇಳನೆಯದು ನಾವು ಹೋಗುವವರೆಗೆ ತಡೆದುಕೊಂಡಿರಲಿ.

ಬಸ್ಸಿನ ಕಿಟಕಿಯ ಪಕ್ಕದ ಸೀಟನ್ನು ನಿನಗೆಂದು ಬಿಟ್ಟಿರುವ,
ನಿನ್ನ ಕರಪತ್ರ