ಎದ್ದು ನಿಂತ ಪ್ಯಾನಲ್

ಜುಲೈ ೨೧, ಸೋಮವಾರ, ಬೆಳಿಗ್ಗೆ ೭

ಇವತ್ತೂ ಕನ್ನಡಿ ಮುಂದೆ ಹತ್ತು ನಿಮಿಷ. "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" — ಕೇಳುವವನೂ ನಾನೇ, ಹೇಳುವವನೂ ನಾನೇ. ಪ್ರತಿಮಾ ಚಹಾ ಇಟ್ಟು ನನ್ನನ್ನೇ ನೋಡಿದಳು.

"ಮಾರಿ ಸಡ್ಲ ಬಿಡ್ರಿ. ಕಾಪಿ ಹೊಡ್ಯಾವ್ರನ್ನ ಹಿಡ್ಯಾಕ ಹೊಂಟಾವ್ರಂಗ ಕಾಣ್ತೀರಿ."

ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಗುವುದನ್ನು ಪ್ರಾಕ್ಟೀಸ್ ಮಾಡುವ ಗತಿ. ಗೋವಾದ ಕಾಣಕೋಣದ ನಮ್ಮ ಕಂಪ್ಯೂಟರ್ ಕ್ಲಾಸಿಗೆ ಮೇ ತಿಂಗಳಲ್ಲಿ ಬೀಗ ಬಿತ್ತು. ಇಪ್ಪತ್ತೆರಡು ವರ್ಷ ಕಲಿಸಿದ್ದೆ. ಈಗ ಹುಡುಗರು ಮೊಬೈಲ್‌ನಲ್ಲೇ ಕಲಿಯುತ್ತಾರಂತೆ... ಕಲಿಯಲಿ.

ಗುರುವಾರ ಮಡಗಾಂವದ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್‌ವ್ಯೂ. ಸಪೋರ್ಟ್ ಇಂಜಿನಿಯರ್ ಕೆಲಸ. ಅದು ತಪ್ಪಿದರೆ ಪ್ರತಿಮಾಳ ತಮ್ಮ ಬಸುವಿನ ಸೀರೆ ಅಂಗಡಿ. "ಗಲ್ಲಾದ ಮ್ಯಾಲೆ ಮನಿ ಮಂದಿನ ಇರಬೇಕ್ರಿ ಮಾಮಾರ" ಎಂದು ಎರಡು ಸಲ ಹೇಳಿದ್ದಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಕೇಳಿದರೆ ಮೈ ಉರಿಯುತ್ತದೆ.

ಜುಲೈ ೨೩, ಬುಧವಾರ

ತಲೆಗೆ ಡೈ ಹಚ್ಚಿದೆ. ಕಿವಿಯ ಹಿಂದೆ ಕಪ್ಪು ಕಲೆ ಉಳಿಯಿತು, ಉಜ್ಜಿದರೂ ಹೋಗಲಿಲ್ಲ.

ಇಂಥ ಕಂಪನಿಗಳಲ್ಲಿ ಯಾರನ್ನೂ ಸರ್ ಅನ್ನಬಾರದಂತೆ. ಹೆಸರು ಹಿಡಿದೇ ಕರೆಯಬೇಕಂತೆ. ಗೋಡೆಗೆ "ಹಾಯ್ ರೋಹನ್" ಎಂದು ಹೇಳಿ ನೋಡಿದೆ. ರೋಹನ್ ಯಾರೋ ಗೊತ್ತಿಲ್ಲ.

ಜುಲೈ ೨೪, ಗುರುವಾರ, ಮಧ್ಯಾಹ್ನ ೩

ಮಡಗಾಂವ ಸ್ಟೇಷನ್. ರೈಲು ಲೇಟ್. ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ.

ಪ್ಯಾನಲ್‌ನಲ್ಲಿ ಮೂವರು, ಒಂದು ತುದಿಯಲ್ಲಿ ಎಚ್‌ಆರ್ ಹುಡುಗಿ. ಬಾಗಿಲು ತೆರೆದೆ — ನಡುವಿನವನು ದಿಗ್ಗನೆ ಎದ್ದು ನಿಂತ. ಸುನಿಲ! ಪಾಲೋಲೆಂ ಬೀಚಿನಲ್ಲಿ ಮಣಿಸರ ಮಾರುವ ಲಾಲಪ್ಪ-ದೇವಿಬಾಯಿ ದಂಪತಿಯ ಮಗ. ಹನ್ನೆರಡು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದವನು, ಈಗ ಟೀಮ್ ಲೀಡ್. ಅವನು ಎದ್ದನೆಂದು ಉಳಿದ ಇಬ್ಬರೂ ಎದ್ದರು, ಯಾಕೆಂದು ತಿಳಿಯದೆ. ನಾನೋ, ಹಳೇ ಅಭ್ಯಾಸ — ಕೈ ಆಡಿಸಿ "ಸಿಟ್ ಡೌನ್, ಸಿಟ್ ಡೌನ್" ಎಂದುಬಿಟ್ಟೆ. ಪ್ಯಾನಲ್ ಕೂತಿತು! ಆಮೇಲೆ ನಾನು ಕೂತೆ.

ಕಸ್ಟಮರ್‌ನ ಡೇಟಾಬೇಸ್ ಕೆಟ್ಟರೆ ಏನು ಮಾಡುತ್ತೀರಿ ಎಂದು ಇನ್ನೊಂದು ತುದಿಯಲ್ಲಿದ್ದವನು ಕೇಳಿದ. ಬೋರ್ಡಿಗೇ ಹೋದೆ. ಚಿತ್ರ ಬರೆದು, ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿದೆ. ಎಚ್‌ಆರ್ ಹುಡುಗಿ ಕೂಡ ನೋಟ್ಸ್ ಬರೆದುಕೊಂಡಳು. ಸುನಿಲ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಕಾಲು ಮುಟ್ಟಿದ. "ನಾ ಇಲ್ಲಿ ಕುಂತೀನಂದ್ರ ಅದು ನಿಮ್ಮಿಂದರಿ ಸರ್."

ಕೆಲಸ ಸಿಕ್ಕ ಹಾಗೆಯೇ. ಪ್ರತಿಮಾಳಿಗೆ ಫೋನ್ ಮಾಡಿದೆ. ಅತ್ತಳು, ಹುಚ್ಚಿ.

ಆಗಸ್ಟ್ ೬

ಏನೂ ಸುದ್ದಿಯಿಲ್ಲ. ಬಸು ಮೂರನೇ ಸಲ ಕೇಳಿದ.

ಆಗಸ್ಟ್ ೧೦, ಭಾನುವಾರ

ಸುನಿಲ ಮನೆಗೇ ಬಂದ. ಕೈಯಲ್ಲಿ ಧಾರವಾಡ ಪೇಡೆಯ ಡಬ್ಬಿ. ಡಬ್ಬಿ ನೋಡಿ ಪ್ರತಿಮಾ ಖುಷಿಯಲ್ಲಿ ಚಹಾಕ್ಕೆ ಇಟ್ಟಳು. ಅವನು ಕುರ್ಚಿಯ ಅಂಚಿನಲ್ಲಿ ಕೂತ.

"ಎಲ್ಲಾರಕಿಂತ ಚಲೋ ಮಾಡಿದವ್ರು ನೀವರಿ ಸರ್. ಅವ್ರಿಬ್ರೂ ನಿಮ್ಮನ್ನ ತಗೋಳೂಣು ಅಂದ್ರು."

"ಮತ್ತ?"

"ಆ ಪೋಸ್ಟ್ ನನ್ನ ಕೈಕೆಳಗ ಬರ್ತೈತ್ರಿ. ನಿಮಗ ನಾ ಹೆಂಗ ಕೆಲಸ ಹೇಳ್ಲಿ? ತಪ್ಪಾದ್ರ ಹೆಂಗ ಬೈಲಿ? ಎರಡು ದಿನ ಊಟ ಸೇರ್ಲಿಲ್ರಿ ನನಗ. ಕಡೀಕ... ನಾನ ಬ್ಯಾಡಂತ ಬರದೆ."

"ಬೈಯಪಾ. ನಾ ಬೈಸ್ಕೊಂತೀನಿ."

ಖರೇ ಹೇಳಿದೆ. ಯಾವ ಹುಡುಗನ ಎದುರಿಗೂ ಹೀಗೆ ಅಂಗಲಾಚಿರಲಿಲ್ಲ. ಅವನು ಎರಡೂ ಕಿವಿ ಹಿಡಿದುಕೊಂಡ.

"ಹಂಗ ಅನಬ್ಯಾಡ್ರಿ ಸರ್, ಪಾಪ ಹತ್ತತೈತಿ ನನಗ."

ಕಣ್ಣಲ್ಲಿ ನೀರು. ನಾಟಕವಲ್ಲ. ನಾಟಕವಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಇಪ್ಪತ್ಮೂರರ ಹುಡುಗನೊಬ್ಬನನ್ನು ತಗೊಂಡರಂತೆ. ಅವನಿಗೆ ಆರಾಮಾಗಿ ಬೈಯಬಹುದು.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದ: "ಸಪ್ಟೆಂಬರ್ ಐದಕ್ಕ ಆಫೀಸ್‌ನ್ಯಾಗ ಟೀಚರ್ಸ್ ಡೇ ಇಟ್ಟೇವ್ರಿ. ನಿಮಗ ಸನ್ಮಾನ. ಬರಾಕಬೇಕ್ರಿ ಸರ್."

ಪೇಡೆ ಯಾರೂ ಮುಟ್ಟಲಿಲ್ಲ.

ಆಗಸ್ಟ್ ೧೮, ಸೋಮವಾರ

ಗಲ್ಲಾದ ಮೇಲೆ ಕೂತೆ. ಹಳೇ ವಿದ್ಯಾರ್ಥಿಯ ತಾಯಿ ಸೀರೆಗೆ ಬಂದವರು "ಸರ್, ತುಮಿ ಹಾಂಗಾ?" ಎಂದು ಕೊಂಕಣಿಯಲ್ಲಿ ಕೇಳಿದರು — ನೀವು ಇಲ್ಲಿ? ನಾಚಿಕೆಯಾಯಿತು. ಸುಮ್ಮನೆ ಹೂಂ ಎಂದೆ.

ಸೆಪ್ಟೆಂಬರ್ ೫, ಶುಕ್ರವಾರ, ಸಂಜೆ ೬

ಹೋದೆ. ಒಳಗೊಳಗೆ ಆಸೆಯಿತ್ತು, ಸುಳ್ಳು ಯಾಕೆ ಬರೆಯಲಿ.

ಶಾಲು, ಹಾರ, ತೆಂಗಿನಕಾಯಿ. ಐವತ್ತು ಅರವತ್ತು ಜನ. ಬಾಸ್ ಕೂಡ ಇದ್ದ. ಎರಡು ಮಾತಾಡಿ ಎಂದು ಮೈಕ್ ಕೊಟ್ಟರು. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ — ನನಗೆ ಶಾಲು ಬೇಡ, ಕೆಲಸ ಕೊಡಿ. ಸುನಿಲನ ಕೈಕೆಳಗೇ ಕೊಡಿ.

ಎಲ್ಲರೂ ಬಾಸ್ ಕಡೆ ನೋಡಿದರು. ಆಮೇಲೆ ನಗು, ಚಪ್ಪಾಳೆ. "ಸೋ ಹಂಬಲ್!" ಎಂದಳು ಎಚ್‌ಆರ್ ಹುಡುಗಿ. ಬಾಸ್ ಬೆನ್ನು ತಟ್ಟಿದ. ಸುನಿಲ ಒಬ್ಬನೇ ನಗದೆ ನೆಲ ನೋಡುತ್ತಿದ್ದ. ಅವನಿಗೆ ಗೊತ್ತು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು. ಜೋಕ್ ಅಲ್ಲ ಎಂದು ಹೇಳಬಹುದಿತ್ತು. ಒಂದೇ ಮಾತು.

ನಾನೂ ನಕ್ಕೆ. ಕನ್ನಡಿ ಮುಂದೆ ಅಷ್ಟು ದಿನ ಬಾರದ ನಗು, ಎಷ್ಟು ಸಲೀಸಾಗಿ... ಎಲ್ಲರಿಗೂ ಕೈಮುಗಿದು, ಹಲ್ಲು ಕಿಸಿದು—

ಥೂ, ನನ್ನ ಜನ್ಮಕ್ಕೆ.