ಒಂದೇ ಕಾಯಿಲೆಯ ಇಬ್ಬರು

ಕೊಯಿವುಲಾ, ಫಿನ್ಲೆಂಡ್
6 ಅಕ್ಟೋಬರ್ 1994

ಪ್ರೀತಿಯ ಹೆಲ್ಲೆವಿ,

ಹೇಗಿದ್ದೀಯ? ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಬಯ್ಯಿ, ಬೈಸಿಕೊಳ್ಳುತ್ತೇನೆ. ಪೆನ್ನಿಗೆ ಬಟ್ಟೆ ಸುತ್ತಿ ದಿನಕ್ಕೆ ನಾಲ್ಕೈದು ಸಾಲಿನಂತೆ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಅದು ಸಂಧಿವಾತದ ಕೆಲಸ, ನನ್ನದಲ್ಲ.

ನಿನ್ನ ಹೊಸ ಮನೆಯ ಬಗ್ಗೆ ಓದಿದೆ. ಹೊಸ್ತಿಲಿಲ್ಲದ ಬಾಗಿಲು, ಕೂತೇ ಸ್ನಾನ ಮಾಡುವ ವ್ಯವಸ್ಥೆ, ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಡಲು ಒಬ್ಬ ಹೆಂಗಸು. ನೀನು ಯಾರ ಹಂಗೂ ಇಲ್ಲದೆ ಬದುಕುತ್ತಿದ್ದೀಯ ಎಂದು ಡಾಕ್ಟರು ಹೊಗಳಿದರಂತೆ. ನಿಜ ಹೇಳಲೇ? ಹೊಟ್ಟೆ ಉರಿಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದೇ ಮೇಜಿನ ಆಚೀಚೆ ನಿಂತು ಹಾಸುಬಟ್ಟೆ ಮಡಚಿದವರು ನಾವು. ಕಾಯಿಲೆಯೂ ಒಂದೇ. ನೀನು ಔಷಧಿ ಅಂಗಡಿಯವನನ್ನು ಮದುವೆಯಾದೆ, ನಾನು ಬಂದರಿನ ಕೂಲಿಯವನನ್ನು. ಅಷ್ಟೇ. ನನ್ನದು ಲಿಫ್ಟಿಲ್ಲದ ನಾಲ್ಕನೇ ಮಹಡಿ. ಜೂನ್‌ನಿಂದ ನನ್ನ ಕಾಲ ಮೇಲೆ ಕೆಳಗಿಳಿದಿಲ್ಲ. ಕೆಳಮನೆಯ ವೈಕ್ಕೊ ಹಾಲು, ಬ್ರೆಡ್ಡು ತಂದುಕೊಟ್ಟು, "ಏನ್ ರಾಣಿಯಮ್ಮ, ಅರಮನೆ ಬಿಟ್ಟು ಇಳಿಯೋದೇ ಇಲ್ವಾ?" ಎಂದು ರೇಗಿಸುತ್ತಿದ್ದ.

ಆಗಸ್ಟಿನಲ್ಲಿ ಮನೆಗೆ ಬಂದು ನೆರವಾಗಲು ಯಾರನ್ನಾದರೂ ಕಳಿಸಿ ಎಂದು ಪುರಸಭೆಯ ಕಚೇರಿಗೆ ಅರ್ಜಿ ಹಾಕಿದ್ದೆ. ಕಚೇರಿಯಿಂದ ಒಬ್ಬಳು ನೋಡಲು ಬಂದಳು. ಮನೆಗೆ ಬಂದವರಿಗೆ ಕಾಫಿ, ಏಲಕ್ಕಿ ಬನ್ ಕೊಡದೆ ಇರಲಾದೀತೇ? ಅದಕ್ಕಾಗಿ ಎರಡು ದಿನ ಒದ್ದಾಡಿದ್ದೆ.

"ಸ್ನಾನ ನೀವೇ ಮಾಡ್ಕೊತೀರಾ?"

"ಮತ್ತಿನ್ಯಾರು ಮಾಡಿಸ್ತಾರೆ?"

"ಅಡುಗೆ?"

"ನೀವು ತಿಂತಿರೋದು ನಾನು ಮಾಡಿದ್ದೇ."

ನಗುತ್ತಾ ಬರೆದುಕೊಂಡಳು. "ಈ ವಯಸ್ಸಲ್ಲಿ ತುಂಬಾ ಚೆನ್ನಾಗಿದ್ದೀರಮ್ಮ" ಎಂದು ಹೇಳಿ ಹೋದಳು. ನೆರವಿನ ಅಗತ್ಯ ಕಂಡುಬಂದಿಲ್ಲ ಎಂದು ಮೂರು ವಾರಕ್ಕೆ ಕಾಗದ ಬಂತು.

ಸೆಪ್ಟೆಂಬರಿನಲ್ಲಿ ಬಚ್ಚಲಲ್ಲಿ ಬಿದ್ದೆ. ಎಡಗೈ ಮಣಿಕಟ್ಟು ಬಿರುಕು ಬಿಟ್ಟಿತು. ರಾಣಿಯಮ್ಮ ಕೊನೆಗೂ ಇಳಿದಳು, ಸ್ಟ್ರೆಚರ್ ಮೇಲೆ. ಒಬ್ಬಳೇ ಇರಲು ನನ್ನಿಂದಾಗದು ಎಂದು ಈಗ ಅದೇ ಕಚೇರಿ ಬರೆದಿದೆ. ಸೋಮವಾರ ಊರಾಚೆಯ ವೃದ್ಧರ ಆರೈಕೆ ಮನೆಗೆ ಕರೆದೊಯ್ಯುತ್ತಾರೆ. ಒಂದು ಕೋಣೆಗೆ ಇಬ್ಬರು. ವಾರಕ್ಕೆರಡು ಗಂಟೆ ಯಾರಾದರೂ ಬಂದಿದ್ದರೆ ಸಾಕಿತ್ತು ಹೆಲ್ಲೆವಿ, ಬಚ್ಚಲ ಗೋಡೆಗೊಂದು ಹಿಡಿಕೆ ಹಾಕಿಸಿದ್ದರೂ ಸಾಕಿತ್ತು. ವೈಕ್ಕೊ ನನ್ನ ಸಾಮಾನು ಕಟ್ಟುತ್ತಿದ್ದಾನೆ. ರೇಗಿಸುವುದನ್ನು ಬಿಟ್ಟಿದ್ದಾನೆ.

ಈ ಚಳಿಗಾಲ ನಿನ್ನ ಕೀಲುಗಳನ್ನು ಕಾಡದಿರಲಿ. ಬಹುಕಾಲ ನಿನ್ನ ಮನೆಯಲ್ಲೇ ಇರು.

ನಿನ್ನ,
ತೈಮಿ

ತಾ.ಕ.: ಏಪ್ರಿಲ್‌ನಲ್ಲಿ "ಅಷ್ಟು ದೂರದಿಂದ ಬಂದು, ಮಗನ ಕೈಹಿಡಿದು ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ, ಮನೆಯಲ್ಲಿ ನೀನಿರಲಿಲ್ಲ" ಎಂದು ಬರೆದಿದ್ದೆಯಲ್ಲ. ನಾನಿದ್ದೆ. ಬೆರಳು ಊದಿ ಚಿಲಕ ತಿರುಗಿಸಲಾಗಲಿಲ್ಲ. ಇನ್ನೇನು ಕೂಗಬೇಕು, ಅಷ್ಟರಲ್ಲಿ ನೀನು ಮಗನಿಗೆ, "ತೈಮಿ ನನ್ನ ಥರ ಅಲ್ಲ ಕಣೋ, ಗಟ್ಟಿಗಿತ್ತಿ. ಎಲ್ಲೋ ತಿರುಗಾಡೋಕೆ ಹೋಗಿರ್ತಾಳೆ" ಅಂದೆ. ನಿಮ್ಮ ಹೆಜ್ಜೆ ಸದ್ದು ಇಳಿದು, ಕೆಳಗಿನ ಬಾಗಿಲು ಮುಚ್ಚುವ ತನಕ ಉಸಿರು ಬಿಗಿಹಿಡಿದು ನಿಂತಿದ್ದೆ.